ಮನೆ ರಿಪೇರಿ: ಯಾರನ್ನು ಕರೆಯೋಣ, ಎಷ್ಟು ಕೊಡೋಣ?



ಮೇ ತಿಂಗಳು ಬಂತೆಂದರೆ ನಮ್ಮ ಸಂಘಗಳ ಸಾಲದ ಅರ್ಜಿಗಳು ಬದಲಾಗುತ್ತವೆ. ಅಲ್ಲಿಯವರೆಗೆ ದನಕ್ಕೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ ಎಂದು ಬರುತ್ತಿದ್ದ ಅರ್ಜಿಗಳಲ್ಲಿ "ಮನೆ ರಿಪೇರಿ" ಎಂಬ ಮಾತು ಕಾಣತೊಡಗುತ್ತದೆ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಸಾಮಾನ್ಯವಾಗಿ ಜೂನ್ ಮೊದಲ ವಾರದ ಸುಮಾರಿಗೆ ಮಳೆ ಹಿಡಿಯುತ್ತದೆ. ಅದರ ಮೊದಲಿನ ನಾಲ್ಕು ವಾರದಲ್ಲಿ ಎಲ್ಲರಿಗೂ ಒಟ್ಟಿಗೇ ಬಡಗಿ ಬೇಕು, ಮೇಸ್ತ್ರಿ ಬೇಕು, ವಯರಿಂಗ್‌ನವರು ಬೇಕು. ಆಗ ಸಿಕ್ಕಿದವರೇ ಕೆಲಸದವರು, ಅವರು ಹೇಳಿದ್ದೇ ರೇಟು.

ಸಾಲ ಕೊಡುವಾಗ ಸಂಘ ಹತ್ತು ಪ್ರಶ್ನೆ ಕೇಳುತ್ತದೆ. ಉಳಿತಾಯ ಎಷ್ಟಿದೆ, ಹಿಂದಿನ ಕಂತು ಬಾಕಿ ಇದೆಯಾ, ಜಾಮೀನು ಯಾರು ಅಂತ. ಆದರೆ ಆ ಹಣ ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದು ಕಡಿಮೆ. ಒಂದು ಸಂಘದಲ್ಲಿ ಹೀಗಾಯಿತು. ಗಂಡನನ್ನು ಕಳೆದುಕೊಂಡ ಸದಸ್ಯೆಯೊಬ್ಬರು ಮಾಡು ರಿಪೇರಿಗೆ 15,000 ರೂಪಾಯಿ ಸಾಲ ಪಡೆದರು. ಬಂದವನು "ಮರ ತರಬೇಕು ಅಕ್ಕಾ, ಮೊದಲು 10,000 ಕೊಡಿ" ಅಂದ. ಕೊಟ್ಟರು. ಎರಡು ದಿನ ಕೆಲಸ ಮಾಡಿ, ಅರ್ಧ ಹಂಚು ಇಳಿಸಿಟ್ಟು, ಇನ್ನೊಂದು ಮನೆಯ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಮೊದಲ ಮಳೆ ಟರ್ಪಾಲಿನ ಮೇಲೆ ಬಿತ್ತು. ಬೇರೆ ಬಡಗಿಯನ್ನು ಕರೆಯಲು ಮತ್ತೆ ಸಾಲ ಮಾಡಬೇಕಾಯಿತು. ಒಂದು ಮಾಡಿಗೆ ಎರಡು ಸಾಲದ ಕಂತು. ಬೇಸರದ ಸಂಗತಿ ಏನೆಂದರೆ, ಆ ಮನುಷ್ಯ ಹಿಂದಿನ ವರ್ಷವೂ ಹೀಗೇ ಮಾಡಿದ್ದು ಅದೇ ಸಭೆಯಲ್ಲಿ ಕೂತಿದ್ದ ಇನ್ನಿಬ್ಬರಿಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ, ಹಾಗಾಗಿ ಅವರೂ ಹೇಳಲಿಲ್ಲ.

ನಂಬಿಕಸ್ಥ ಕೆಲಸದವರನ್ನು ಹುಡುಕಿಕೊಂಡು ಪೇಟೆಗೆ ಹೋಗುವ ಮೊದಲು ವಾರದ ಸಭೆಯಲ್ಲಿ ಕೇಳಿ. 15 ಅಥವಾ 20 ಮನೆಗಳ ಅನುಭವ ಅಲ್ಲಿ ಚಾಪೆಯ ಮೇಲೆ ಕೂತಿರುತ್ತದೆ. ಆದರೆ ಕೇಳುವ ಕ್ರಮ ಸರಿ ಇರಬೇಕು. "ಯಾರು ಚೆನ್ನಾಗಿ ಮಾಡ್ತಾರೆ?" ಅಂದರೆ ಪ್ರತಿಯೊಬ್ಬರೂ ತಮ್ಮ ನೆಂಟರ ಹೆಸರು ಹೇಳುತ್ತಾರೆ! "ಯಾರು ಮಾಡಿದ ಮಾಡು ಒಂದು ಮಳೆಗಾಲ ಕಳೆದ ಮೇಲೂ ಸೋರಲಿಲ್ಲ?" ಎಂದು ಕೇಳಿ. ಹೇಳಿದ ದಿನ ಬಂದರಾ, ಮೊದಲು ಹೇಳಿದ ಹಣಕ್ಕೇ ಮುಗಿಸಿದರಾ, ಸೋರಿದಾಗ ಕರೆದರೆ ಮತ್ತೆ ಬಂದರಾ? ಈ ಕೊನೆಯ ಪ್ರಶ್ನೆಗೇ ಹೆಚ್ಚು ತೂಕ ಕೊಡಬೇಕೆಂದು ನಮ್ಮ ಅಭಿಪ್ರಾಯ. ತಪ್ಪು ಒಳ್ಳೆಯ ಕೆಲಸದವರಿಂದಲೂ ಆಗುತ್ತದೆ. ಕರೆದಾಗ ಬಂದು ಸರಿಮಾಡಿ ಕೊಡುವವರು ನಂಬಿಕೆಯ ಜನ. ಆದರೆ ಸಾಧ್ಯವಾದರೆ ಆ ಮನೆಗೆ ಹೋಗಿ ಕೆಲಸವನ್ನು ಕಣ್ಣಾರೆ ನೋಡಿ ಬನ್ನಿ.

ಯಾರನ್ನಾದರೂ ಕರೆಯುವ ಮೊದಲು ನಮ್ಮ ಮನೆಗೆ ಏನಾಗಿದೆ ಎಂದು ಸ್ವಲ್ಪವಾದರೂ ತಿಳಿದಿರಬೇಕು. ಇಲ್ಲದಿದ್ದರೆ ನಾಲ್ಕು ಹಂಚು ಬದಲಾಯಿಸುವ ಕೆಲಸಕ್ಕೆ "ಇಡೀ ಮಾಡು ಬಿಚ್ಚಬೇಕು" ಎಂದರೂ ತಲೆಯಾಡಿಸಬೇಕಾಗುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಈ ಕೆಂಪು ಹಂಚು ನಮ್ಮ ಊರುಗಳಲ್ಲೆಲ್ಲ ಹರಡಿತು. ಅದರ ದೊಡ್ಡ ಗುಣ ಏನೆಂದರೆ, ಒಂದು ಹಂಚು ಒಡೆದರೆ ಒಂದನ್ನೇ ಬದಲಾಯಿಸಬಹುದು. ಆದರೆ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಒಡಕು ಇರಬೇಕೆಂದಿಲ್ಲ. ಒಳಗೆ ಬಂದ ನೀರು ಪಕ್ಕಾಸಿನ ಮೇಲೆ ಜಾರಿ ಬಂದು ಎಲ್ಲೋ ಕೆಳಗೆ ಬೀಳುತ್ತದೆ. ಹಗಲು ಹೊತ್ತಿನಲ್ಲಿ ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಿ ಮೇಲೆ ನೋಡಿ. ಬೆಳಕು ತೂರಿ ಬರುವ ಕಡೆ ಹಂಚು ಒಡೆದಿದೆ ಅಥವಾ ಜಾರಿದೆ. ಮುಚ್ಚಿಗೆ ಇಲ್ಲದ ಮನೆಗೆ ಇದು ಖರ್ಚಿಲ್ಲದ ಪರೀಕ್ಷೆ. ರೀಪನ್ನು ಕೋಲಿನಿಂದ ಕುಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ, ಮಣ್ಣು ಉದುರಿದರೆ ಗೆದ್ದಲು ಹಿಡಿದಿದೆ. ಆಗ ಹಂಚು ಮಾತ್ರ ಬದಲಾಯಿಸಿದರೆ ಪ್ರಯೋಜನವಿಲ್ಲ. ಕೆಲವೊಮ್ಮೆ ಹಂಚೂ ಸರಿ, ಮರವೂ ಸರಿ, ಎರಡು ಮಾಡು ಕೂಡುವ ಕಡೆಯ ತಗಡಿನಲ್ಲಿ ಕಸ ತುಂಬಿ ನೀರು ಉಕ್ಕಿರುತ್ತದೆ. ಅದಕ್ಕೆ ಒಂದು ಗಂಟೆಯ ಕೆಲಸ ಸಾಕು.

ಹಂಚು ಕೊಳ್ಳುವಾಗ ಮಾಡಿನ ಹಳೆಯ ಹಂಚು ಒಂದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ರೀತಿ. ಹಂಚಿನ ಕೆಳಮೈಯಲ್ಲಿ ಕಾರ್ಖಾನೆಯ ಹೆಸರು ಇರುತ್ತದೆ. ಒಂದಕ್ಕೊಂದು ಕೂರದ ಹಂಚಿನ ನಡುವೆ ಹೊಸ ಸೋರಿಕೆ ಶುರುವಾಗುತ್ತದೆ. ಬೆರಳಿನಿಂದ ತಟ್ಟಿದಾಗ ಟಣ್ ಎಂದು ಸದ್ದು ಬರಬೇಕು. ಬಿರುಕು ಇದ್ದರೆ ಸದ್ದು ಒಡಕಾಗಿರುತ್ತದೆ.

ತಾರಸಿ ಮನೆಯವರಿಗೆ ಒಂದೇ ಮಾತು: ಬಿರುಕು ಮುಚ್ಚಿದ ಮೇಲೆ, ಬಳಿದದ್ದು ಚೆನ್ನಾಗಿ ಒಣಗಿದ ನಂತರ, ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ತಾರಸಿಯಲ್ಲಿ ಒಂದಿಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗಿನಿಂದ ನೋಡಿ. ಕೊನೆಯ ಹಣ ಅದರ ಮೇಲೆಯೇ ಕೊಡಿ.

ಈಗ ರೇಟಿನ ವಿಷಯ. ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಸಂಬಳ ಬೇರೆ ಬೇರೆ, ಆದ್ದರಿಂದ ಇಷ್ಟೇ ಎಂದು ಇಲ್ಲಿ ಬರೆಯಲಾಗದು. ತಿಳಿಯುವ ದಾರಿ ಹೇಳುತ್ತೇವೆ. ಇಬ್ಬರು ಮೂವರನ್ನು ಬೇರೆ ಬೇರೆ ದಿನ ಕರೆದು ಜಾಗ ತೋರಿಸಿ. ಫೋನಿನಲ್ಲಿ ಹೇಳಿದ ರೇಟನ್ನು ನಂಬಬೇಡಿ, ನೋಡದೆ ಯಾರಿಗೂ ಸರಿಯಾಗಿ ಹೇಳಲಾಗದು. ಕೂಲಿ ಎಷ್ಟು, ಸಾಮಾನು ಎಷ್ಟು ಎಂದು ಬೇರೆ ಬೇರೆಯಾಗಿ ಹೇಳಲು ಕೇಳಿ. ಇದು ಬಹಳ ಮುಖ್ಯ. ಎರಡನ್ನೂ ಕೂಡಿಸಿ ಹೇಳಿದರೆ ಹೆಚ್ಚು ಎಲ್ಲಿ ಹಾಕಿದ್ದಾರೆ ಎಂದು ತಿಳಿಯುವುದಿಲ್ಲ. ಆಗುವುದಾದರೆ ಸಾಮಾನನ್ನು ನೀವೇ ಬಿಲ್ ಸಹಿತ ತನ್ನಿ. ಏನು ಕೆಲಸ, ಎಷ್ಟು ಎಂದು ಸ್ಪಷ್ಟವಾಗಿ ಹೇಳಬಹುದಾದರೆ ಗುತ್ತಿಗೆ ಕೊಡಿ. ಮಾಡು ಬಿಚ್ಚಿದ ಮೇಲೆಯೇ ಒಳಗಿನದು ಗೊತ್ತಾಗುವಂಥ ಹಳೆಯ ಮನೆಯಾದರೆ ದಿನಗೂಲಿಯೇ ವಾಸಿ, ಆದರೆ ಮನೆಯಲ್ಲಿ ಒಬ್ಬರು ನಿಂತು ನೋಡಬೇಕು.

ಎಲ್ಲಕ್ಕಿಂತ ಕಡಿಮೆ ಹೇಳಿದವರನ್ನೇ ಹಿಡಿಯಬೇಡಿ. ಉಳಿದಿಬ್ಬರಿಗಿಂತ ತೀರಾ ಕೆಳಗೆ ಇದ್ದರೆ "ಯಾವುದನ್ನು ಬಿಟ್ಟಿದ್ದೀರಿ ಅಣ್ಣಾ?" ಎಂದು ಕೇಳಿ. ಸರಿಯಾದ ಬೆಲೆ ಎಂದರೆ ಕೆಲಸದವನ ಹೊಟ್ಟೆಗೂ ಸರಿಯಾಗಬೇಕು. ಮಾಡು ಹತ್ತುವ ಕೆಲಸ ಪ್ರಾಣಾಪಾಯದ ಕೆಲಸ. ಹಳೆಯ ಸಿಮೆಂಟ್ ಶೀಟಿನ ಮೇಲೆ ನೇರವಾಗಿ ಕಾಲಿಟ್ಟರೆ ಅದು ಮುರಿದು ಮನುಷ್ಯ ಕೆಳಗೆ ಬೀಳಬಹುದು. ಹಲಗೆ ಹಾಸಿ ಅದರ ಮೇಲೆ ನಡೆಯಲು ಹೇಳಿ, ಇಲ್ಲದಿದ್ದರೆ ಹತ್ತಲು ಬಿಡಬೇಡಿ. ಜೊತೆಗೆ ಬರುವ ಹೆಂಗಸಿಗೆ ಅದೇ ಕೆಲಸಕ್ಕೆ ಕಡಿಮೆ ಕೂಲಿ ಕೊಡುವ ರೂಢಿ ಇನ್ನೂ ಇದೆ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂಬ ಕಾನೂನು 1976ರಲ್ಲೇ ಬಂತು. ಸಂಘದ ಹೆಂಗಸರು ಯಜಮಾನಿಯರಾದಾಗ ಇದನ್ನು ಮರೆಯಬಾರದು.

ಮುಂಗಡ ಕೊಡದೆ ಕೆಲಸ ಹಿಡಿಯುವುದು ಕಷ್ಟ, ಬಡ ಕೆಲಸದವನಿಗೂ ಖರ್ಚಿರುತ್ತದೆ. ಆದರೆ ದೊಡ್ಡ ಪಾಲು ನಿಮ್ಮ ಕೈಯಲ್ಲಿರಲಿ. ಲೆಕ್ಕಕ್ಕೆಂದು ಕೂಲಿ 8,000 ಎಂದಿಟ್ಟುಕೊಳ್ಳೋಣ. ಶುರುವಿಗೆ 2,000, ಮರದ ಕೆಲಸ ಮುಗಿದಾಗ 3,000, ಹಂಚು ಹೊದೆಸಿದಾಗ 2,000, ಒಂದು ಒಳ್ಳೆಯ ಮಳೆ ಬಂದ ನಂತರ ಉಳಿದ 1,000. ಇದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಯಾವ ಕೆಲಸ, ಎಷ್ಟು ದಿನ, ಯಾವ ಸಾಮಾನು, ಹಳೆಯ ಮರ ಯಾರಿಗೆ, ಎಲ್ಲವೂ ಇರಲಿ. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂದರೆ "ಸಂಘದ ಸಾಲ ಅಣ್ಣಾ, ಅಲ್ಲಿ ಕಾಗದ ತೋರಿಸಬೇಕು" ಅನ್ನಿ. ಸುಳ್ಳಾಗದಂತೆ ಸಂಘದಲ್ಲಿ ಆ ಠರಾವನ್ನೂ ಮಾಡಿಡಿ.

ಕರೆಂಟಿನ ಕೆಲಸದಲ್ಲಿ ಒಂದು ಗಡಿ ತಿಳಿದಿರಬೇಕು. ಕಂಬದಿಂದ ಮೀಟರಿನವರೆಗಿನ ತೊಂದರೆಗೆ ವಿದ್ಯುತ್ ಕಂಪೆನಿಗೆ, ಅಂದರೆ 1912ಕ್ಕೆ, ಫೋನ್ ಮಾಡಿ. ಖಾಸಗಿಯವರಿಂದ ಮುಟ್ಟಿಸಬೇಡಿ. ಮೀಟರಿನಿಂದ ಒಳಗಿನದು ನಮ್ಮ ಖರ್ಚು. ಅದಕ್ಕೆ ಪರವಾನಗಿ ಇರುವವರನ್ನೇ ಕರೆಯಿರಿ. ಐಎಸ್ಐ ಗುರುತಿನ ವಯರನ್ನೇ ಹಾಕಿಸಿ. ಶಾಕ್ ಹೊಡೆದರೆ ಕರೆಂಟ್ ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಹಾಕಿಸಿ. ಮಳೆಗಾಲದಲ್ಲಿ ಒದ್ದೆ ಗೋಡೆಯ ಮನೆಗೆ ಇದು ಐಷಾರಾಮವಲ್ಲ.

ಬಾವಿಯ ಮೋಟಾರು ಗುಂಯ್ ಎಂದು ಸದ್ದು ಮಾಡುತ್ತದೆ, ತಿರುಗುವುದಿಲ್ಲ ಎಂದಾದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಅದು ಸಣ್ಣ ಖರ್ಚು. ನೀವಾಗಿ ಬಿಚ್ಚಬೇಡಿ, ಸ್ವಿಚ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಮೆಕ್ಯಾನಿಕ್ ನೋಡಿದ ಕೂಡಲೇ "ರೀವೈಂಡಿಂಗ್" ಅಂದರೆ ಕೆಪಾಸಿಟರ್ ಪರೀಕ್ಷಿಸಿದಿರಾ ಎಂದು ಕೇಳಿ. ರೀವೈಂಡಿಂಗೇ ಆಗಬೇಕಾದರೆ ಹೊಸ ತಂತಿ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಎಂದು ಬಿಲ್ಲಿನಲ್ಲಿ ಬರೆಸಿ. ತೆಗೆದ ಹಳೆಯ ತಾಮ್ರಕ್ಕೆ ಗುಜರಿಯಲ್ಲಿ ಬೆಲೆಯಿದೆ. ಅದನ್ನು ವಾಪಸ್ ಕೇಳಿ ಅಥವಾ ಬಿಲ್ಲಿನಲ್ಲಿ ಕಳೆಯಲು ಹೇಳಿ.

ಇಷ್ಟಾದರೂ ಮೋಸ ಹೋದರೆ? ಮೊದಲು ಸಂಘದ ನಾಲ್ಕು ಮಂದಿ ಒಟ್ಟಿಗೆ ಹೋಗಿ ಮಾತಾಡಿ. ಅರ್ಧಕ್ಕರ್ಧ ಅಲ್ಲಿಯೇ ಮುಗಿಯುತ್ತದೆ. ಅಂಗಡಿ ಅಥವಾ ಗುತ್ತಿಗೆದಾರರ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಲಹೆಗೆ 1915ಕ್ಕೆ ಫೋನ್ ಮಾಡಬಹುದು. ಎಲ್ಲ ಕಡೆಯೂ ಮೊದಲು ಕೇಳುವುದು ಬಿಲ್ಲು ಮತ್ತು ಆ ಸಹಿ ಹಾಕಿದ ಹಾಳೆ.

ಪ್ರತಿ ಸಂಘವೂ ನಡಾವಳಿ ಪುಸ್ತಕದ ಕೊನೆಯಲ್ಲಿ ನಾಲ್ಕು ಪುಟ ಬಿಡಲಿ. ಕೆಲಸದವರ ಹೆಸರು, ಫೋನ್, ಯಾರ ಮನೆಯಲ್ಲಿ ಏನು ಮಾಡಿದರು, ಎಷ್ಟು ಕೊಟ್ಟಿರಿ, ಮಳೆಗಾಲದ ಮೇಲೆ ಹೇಗಿದೆ ಎಂದು ಬರೆಯಿರಿ. ಆಗಿದ್ದನ್ನು ಮಾತ್ರ ಬರೆಯಿರಿ, ಜಗಳದ ಮಾತು ಬೇಡ. ಫೆಬ್ರವರಿಯ ಸಭೆಯಲ್ಲಿ ಯಾರ್‍ಯಾರ ಮನೆಗೆ ಹಂಚು ಕೈಯಾಡಿಸಬೇಕು ಎಂದು ಪಟ್ಟಿ ಮಾಡಿ. ಐದಾರು ಮನೆ ಸೇರಿದರೆ ಒಬ್ಬ ಒಳ್ಳೆಯ ಬಡಗಿಗೆ ಎರಡು ಮೂರು ವಾರದ ಕೆಲಸ ಆಗುತ್ತದೆ, ಅವರೂ ಸಂತೋಷದಿಂದ ಒಪ್ಪುತ್ತಾರೆ. ಹಂಚನ್ನು ಒಂದೇ ಲಾರಿಯಲ್ಲಿ ತರಿಸಿ ಬಾಡಿಗೆ ಹಂಚಿಕೊಳ್ಳಬಹುದು. ಒಬ್ಬರೇ ಇರುವ ವಯಸ್ಸಾದ ಸದಸ್ಯೆಯರ ಮನೆ ಆ ಪಟ್ಟಿಯಲ್ಲಿ ಮೊದಲು ಇರಲಿ, ಮಳೆ ಬೇಗ ಬಂದರೆ ಅವರೇ ಮೊದಲು ಸಿಕ್ಕಿಬೀಳುವುದು.