ಎಲೆಗೆ ಅಡ್ಡ ಹಿಡಿದ ಕೈ

‘ಊಟ ಆಯ್ತಾ?’ ಅಂತ ಕೇಳಿದರೆ ನನ್ನ ಗೆಳೆಯ ‘ಆಯ್ತು’ ಎಂದು ಸುಮ್ಮನಾಗುವುದಿಲ್ಲ. ಎಷ್ಟು ಗಂಟೆಗೆ ಆಯಿತು, ಏನು ಪಲ್ಯ, ಅದಕ್ಕೆ ಉಪ್ಪು ಯಾಕೆ ಹೆಚ್ಚಾಯಿತು, ಎಲ್ಲ ಹೇಳುತ್ತಾನೆ. ಅಷ್ಟರಲ್ಲಿ ಕೇಳಿದವರು ಗೇಟು ದಾಟಿರುತ್ತಾರೆ. ಅದು ಪ್ರಶ್ನೆಯಲ್ಲ, ಒಂದು ಬಗೆಯ ನಮಸ್ಕಾರ ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ, ಹೇಗೋ ಬಂತು.

ಒಮ್ಮೆ ನೆಂಟರ ಮನೆಯಲ್ಲಿ, ಆಗಷ್ಟೇ ಕೆಲಸ ಹೋಗಿದ್ದವರೊಬ್ಬರನ್ನು ‘ಈಗ ಸಂಬಳ ಎಷ್ಟು?’ ಎಂದು ಕೇಳಿಬಿಟ್ಟ. ಮೇಜಿನ ಕೆಳಗೆ ಅವನ ಕಾಲು ತುಳಿದೆ. ‘ಯಾಕೋ ತುಳಿದೆ?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಸನ್ನೆ ಅರ್ಥವಾಗದವನಿಗೆ ಸನ್ನೆಯಲ್ಲೇ ಬುದ್ಧಿ ಹೇಳಹೊರಟ ಪೆದ್ದ ನಾನು. ವಾಪಸು ಬರುವಾಗ ಬಿಡಿಸಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ‘ಹೋಗೋ ಮುಂಚೆ ಹೇಳಬಾರದಿತ್ತಾ?’ ಅಂದ, ಅಷ್ಟೇ. ಆಮೇಲಿಂದ ಹೋಗುವ ಮುಂಚೆಯೇ ಹೇಳುತ್ತೇನೆ: ಯಾರ್‍ಯಾರು ಬರುತ್ತಾರೆ, ಯಾವ ವಿಷಯ ಎತ್ತಬಾರದು. ತಿದ್ದುವುದಾದರೆ ಒಂದು ಸಲಕ್ಕೆ ಒಂದೇ ಮಾತು. ನಾಲ್ಕು ಹೇಳಿದರೆ ಅದು ಸಹಾಯವಲ್ಲ, ದೂರಿನ ಪಟ್ಟಿ.

ಮಾತುಕತೆ ನಾವಂದುಕೊಂಡಷ್ಟು ಸಲೀಸಲ್ಲ. ತಾನ್ಯಾ ಸ್ಟೈವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಮಾತನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆ ಸಂದಿ ಕಾಣದವನು ಒಂದೋ ನಡುವೆ ಬಾಯಿ ಹಾಕುತ್ತಾನೆ, ಇಲ್ಲವೇ ಮೂಲೆ ಸೇರುತ್ತಾನೆ. ಕೊರತೆ ಅವನೊಬ್ಬನದೇ ಎನ್ನುವಂತೆಯೂ ಇಲ್ಲ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಕೇಳಿದ್ದು ಇದನ್ನೇ: ನಮಗೆ ನೀವು ಅರ್ಥವಾಗುವುದಿಲ್ಲ ಅನ್ನುತ್ತೀರಲ್ಲ, ನಿಮಗೆ ನಾವು ಅರ್ಥವಾಗಿದ್ದೇವೆಯೇ? ಹಾಗಂತ ಗೆಳೆಯನಿಗೆ ನಾನೇ ಆಟಿಸಂ ಎಂಬ ಹೆಸರು ಅಂಟಿಸಲಾರೆ. ಜನರ ಭಯಕ್ಕೆ ಮನೆಯಿಂದಲೇ ಹೊರಬರದವರ ವಿಷಯ ಬೇರೆ. ಅಂಥವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಅವನ ನಿಜವಾದ ಪಾಠ ಆಗಿದ್ದು ನನ್ನ ತಂಗಿಯ ಮದುವೆಯಲ್ಲಿ. ಸುಮ್ಮನೆ ಕೂರಿಸಿದರೆ ಒದ್ದಾಡುತ್ತಾನೆಂದು ಕೈಗೆ ಹುಳಿಯ ಬಕೆಟ್ಟು ಕೊಟ್ಟೆ. ಬಡಿಸುವವನಿಗೆ ಮಾತು ಹುಡುಕುವ ಕಷ್ಟವಿಲ್ಲ. ‘ಹಾಕ್ಲಾ?’, ‘ಇನ್ನೊಂಚೂರು?’ ಅಂದರೆ ಮುಗಿಯಿತು, ಮುಂದಿನ ಎಲೆ. ಮೊದಲ ಪಂಕ್ತಿಯಲ್ಲಿ ತಲೆ ತಗ್ಗಿಸಿಯೇ ಬಡಿಸಿದ. ಎರಡನೆಯದರಲ್ಲಿ ನಮ್ಮ ಸೋದರಮಾವ ‘ಯಾರ ಮಗನಪ್ಪಾ ನೀನು?’ ಅಂದಾಗ ಹೇಳಿ, ನಕ್ಕು, ಮುಂದೆ ಹೋದ. ಮೂರನೆಯ ಪಂಕ್ತಿ ಮುಗಿಸಿ ಬಂದವನಿಗೆ ಬೆರಗೋ ಬೆರಗು: ‘ಸಾಕು ಅಂದ್ರೆ ಎಲ್ಲರೂ ಎಲೆಗೆ ಕೈ ಅಡ್ಡ ಹಿಡೀತಾರೆ ಕಣೋ. ಎಷ್ಟು ಸಲೀಸು! ಮಾತಾಡುವಾಗಲೂ ಹಿಡಿದಿದ್ರೆ ಗೊತ್ತಾಗ್ತಿತ್ತು.’

ಅವತ್ತೇ ಒಪ್ಪಂದವಾಯಿತು. ಅವನ ಮಾತು ಉದ್ದವಾದರೆ ನಾನು ಮೇಜಿನ ಮೇಲೆ ಅಂಗೈ ಚಾಚಬೇಕು. ಬೇರೆ ಯಾರಿಗೂ ತಿಳಿಯುವುದಿಲ್ಲ.

ಹೋದ ಭಾನುವಾರ ಹೋಟೆಲಿನಲ್ಲಿ ನಾಲ್ಕೈದು ಜನ ಕೂತಿದ್ದೆವು. ನನ್ನ ಸೈಟಿನ ಖಾತೆ ಮಾಡಿಸಲು ಪಟ್ಟ ಪಾಡನ್ನು ವರ್ಣಿಸುತ್ತಿದ್ದೆ. ಕಾಫಿ ಆರಿತ್ತು. ಎದುರಿಗೆ ನೋಡಿದರೆ ನನ್ನ ಲೋಟದ ಪಕ್ಕದಲ್ಲಿ ಅವನ ಅಂಗೈ.