ಕೈಚೀಲದಲ್ಲೇ ಇರಲಿ ಆ ಪೊಟ್ಟಣ

ಅಮೆರಿಕಕ್ಕೆ ಎಂ.ಎಸ್. ಓದಲು ಹೋದ ಹುಡುಗಿಯೊಬ್ಬಳ ತಂದೆತಾಯಿ ಈಚೆಗೆ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಮೊದಲ ವಾರವೇ ಕಾಲೇಜಿನಲ್ಲಿ ಮಗಳಿಗೆ ಮೂಗಿಗೆ ಸಿಂಪಡಿಸುವ ಔಷಧವೊಂದನ್ನು ಕೊಟ್ಟು, ಬಳಸುವ ವಿಧಾನವನ್ನೂ ಕಲಿಸಿದರಂತೆ. ಮಾದಕ ವಸ್ತು ಅತಿಯಾಗಿ ಬಿದ್ದವರಿಗೆ ಕೊಡುವ ಮದ್ದು. "ನಮ್ಮ ಹುಡುಗಿಗೆ ಇದೆಲ್ಲ ಯಾಕೆ ಡಾಕ್ಟ್ರೇ? ಎಸೆದುಬಿಡು ಅಂದಿದ್ದೇವೆ" ಎಂದರು ತಾಯಿ.

ಎಸೆಯಬೇಡಿ ಎಂದೆ. ಉಸಿರು ನಿಂತವನು ತಾನೇ ಔಷಧ ತೆಗೆದುಕೊಳ್ಳಲಾರ, ಪಕ್ಕದಲ್ಲಿರುವವರೇ ಕೊಡಬೇಕು.

ಈ ಔಷಧ ನಲೋಕ್ಸೋನ್. ಅಮೆರಿಕದಲ್ಲಿ ಇದಕ್ಕೆ 1971ರಲ್ಲೇ ಅನುಮತಿ ಸಿಕ್ಕಿತ್ತು. ಹೌಸ್ ಸರ್ಜನ್ ಆಗಿದ್ದಾಗ ನಾನು ಇದನ್ನು ಕಂಡದ್ದು ಆಪರೇಷನ್ ಥಿಯೇಟರಿನಲ್ಲಿ, ಇಂಜೆಕ್ಷನ್ ರೂಪದಲ್ಲಿ. ಮಾರ್ಫಿನ್, ಹೆರಾಯಿನ್, ಫೆಂಟಾನಿಲ್‌ನಂಥ ಅಫೀಮಿನ ಗುಂಪಿನ ವಸ್ತುಗಳು ನೋವು ಮರೆಸುವ ಜೊತೆಗೆ ಮಿದುಳಿನ ಉಸಿರಾಟದ ಕೇಂದ್ರವನ್ನೂ ಮಂಕಾಗಿಸುತ್ತವೆ. ಪ್ರಮಾಣ ಮೀರಿದರೆ ಉಸಿರು ನಿಧಾನವಾಗುತ್ತಾ ನಿಂತೇಹೋಗುತ್ತದೆ. ನಲೋಕ್ಸೋನ್ ಅವನ್ನು ಕೂತ ಜಾಗದಿಂದ ಎಬ್ಬಿಸಿ ತಾನು ಕೂರುತ್ತದೆ. ಸಾಮಾನ್ಯವಾಗಿ ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಆಮ್ಲಜನಕವಿಲ್ಲದೆ ಮಿದುಳು ನಾಲ್ಕೈದು ನಿಮಿಷ ತಾಳುವುದೂ ಕಷ್ಟ. ಆಂಬುಲೆನ್ಸ್ ಬರಲಿ ಎಂದು ಕಾಯುವ ಹಾಗಿಲ್ಲ.

ಶಿಕಾಗೋದ ಸ್ವಯಂಸೇವಾ ಸಂಸ್ಥೆಯೊಂದು 1996ರಲ್ಲೇ ವ್ಯಸನಿಗಳ ಕೈಗೆ ಇದನ್ನು ಕೊಟ್ಟು ತರಬೇತಿ ಆರಂಭಿಸಿತು. ಇದರಿಂದ ಚಟಕ್ಕೆ ಧೈರ್ಯ ಬರುವುದಿಲ್ಲವೇ ಎನ್ನುವವರಿದ್ದಾರೆ. ಚಟವಿದ್ದವನು ಈ ಔಷಧದಿಂದ ಎಚ್ಚತ್ತಾಗ ಅವನಿಗೆ ವಾಂತಿ, ನಡುಕ, ಮೈಕೈ ನೋವು. ಅದನ್ನು ಬಯಸಿ ಯಾರು ಪ್ರಮಾಣ ಹೆಚ್ಚಿಸಿಕೊಳ್ಳುತ್ತಾರೆ? 2021ರಿಂದ 2023ರವರೆಗೆ ಅಮೆರಿಕದಲ್ಲಿ ಪ್ರತಿವರ್ಷವೂ ಒಂದು ಲಕ್ಷಕ್ಕೂ ಹೆಚ್ಚು ಜನ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತರು. ಹೆಚ್ಚಿನ ಸಾವುಗಳಲ್ಲಿ ಫೆಂಟಾನಿಲ್ ಪಾಲಿತ್ತು. ನೋವಿನ ಮಾತ್ರೆಯಂತೆ ಕಾಣುವ ನಕಲಿ ಮಾತ್ರೆಗಳಲ್ಲೂ ಅದು ಇರುತ್ತದೆ. ಚಟವೇ ಇಲ್ಲದ ಹುಡುಗನಿಗೆ ಗೆಳೆಯ ಕೊಟ್ಟ ಒಂದೇ ಮಾತ್ರೆ ಸಾಕು. 2023ರ ಮಾರ್ಚಿನಲ್ಲಿ 4 ಮಿಲಿಗ್ರಾಂ ಸ್ಪ್ರೇಯನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಲ್ಲಿ ಒಪ್ಪಿಗೆ ದೊರೆಯಿತು.

ವ್ಯಕ್ತಿ ಕೂಗಿ ಅಲುಗಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ, ತುಟಿ ನೀಲಿಗಟ್ಟಿ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಕೂಡಲೇ 911ಕ್ಕೆ ಫೋನ್ ಮಾಡಬೇಕು. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಒಂದು ಹೊಳ್ಳೆಯೊಳಗೆ ನಳಿಕೆಯಿಟ್ಟು ಪೂರ್ತಿ ಒತ್ತಬೇಕು. ಸರಿಯಿದೆಯೇ ಎಂದು ಮೊದಲೇ ಒತ್ತಿ ನೋಡಬಾರದು, ಒಂದರಲ್ಲಿರುವುದು ಒಂದೇ ಡೋಸ್. ಎರಡು ಮೂರು ನಿಮಿಷದಲ್ಲಿ ಚೇತರಿಸದಿದ್ದರೆ ಇನ್ನೊಂದನ್ನು ಮತ್ತೊಂದು ಹೊಳ್ಳೆಗೆ. ಉಸಿರಾಡತೊಡಗಿದ ಮೇಲೆ ಮಗ್ಗುಲಾಗಿ ಮಲಗಿಸಿ.

ಕಲಿತವರೂ ಮರೆಯುವ ಮಾತೊಂದಿದೆ. ಔಷಧದ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಮಾದಕ ವಸ್ತು ಅದಕ್ಕಿಂತ ಹೆಚ್ಚು ಹೊತ್ತು ಉಳಿದು ಮತ್ತೆ ಉಸಿರು ನಿಲ್ಲಿಸಬಹುದು. ಎದ್ದು ಕೂತು "ಸರಿಹೋಯಿತು" ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಮದ್ಯ, ನಿದ್ರೆಮಾತ್ರೆಗಳಿಗೆ ಇದು ಉತ್ತರವಲ್ಲ. ಆದರೆ ತಪ್ಪಾಗಿ ಊಹಿಸಿ ಕೊಟ್ಟರೂ ಅಪಾಯವಿಲ್ಲ.

"ಹಾಗಾದರೆ ಎಲ್ಲಿಡಬೇಕು?" ತಂದೆ ಕೇಳಿದರು. ಓಡಾಡುವ ಚೀಲದಲ್ಲೇ ಇರಲಿ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು, ಪೊಟ್ಟಣದ ಮೇಲಿನ ತಾರೀಖು ನೋಡಿಕೊಳ್ಳಲಿ ಎಂದೆ. ತಾಯಿ ಆಗಲೇ ಮಗಳಿಗೆ ಫೋನ್ ಹಚ್ಚುತ್ತಿದ್ದರು.