ಓಡುವಾಗ ಮಕ್ಕಳು ಪ್ರಜ್ಞೆ ತಪ್ಪಿ ಬಿದ್ದರೆ ಅದು ಮೂರ್ಛೆರೋಗವೇ?

ಮೈದಾನದಲ್ಲಿ ಓಡುತ್ತಿದ್ದ ಹುಡುಗ ಕುಸಿದರೆ, ನಮ್ಮ ಹಗರಿಬೊಮ್ಮನಹಳ್ಳಿ ಕಡೆ 'ಗಾಳಿ ಸೋಕಿದೆ', 'ಮೂರ್ಛೆರೋಗ' ಎನ್ನುವವರುಂಟು. ಆದರೆ ಓಡುವಾಗ, ಈಜುವಾಗ ಅಥವಾ ದಿಢೀರ್ ಸದ್ದಿಗೆ ಬೆಚ್ಚಿದಾಗ ಪ್ರಜ್ಞೆ ತಪ್ಪಿದರೆ ಹೃದಯವನ್ನೂ ಪರೀಕ್ಷಿಸಬೇಕು.

'ಲಾಂಗ್ ಕ್ಯೂಟಿ' ಎಂಬ ಆನುವಂಶಿಕ ತೊಂದರೆಯಲ್ಲಿ, ಒಂದು ಬಡಿತದ ನಂತರ ಮುಂದಿನದಕ್ಕೆ ಅಣಿಯಾಗಲು ಹೃದಯ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಲಯ ತಪ್ಪಿದರೆ ಮಿದುಳಿಗೆ ರಕ್ತ ಸಾಲದು. ಮೈ ಅದುರುವುದರಿಂದ ಮೂರ್ಛೆರೋಗದಂತೆಯೇ ಕಾಣಬಹುದು.

ಪತ್ತೆಗೆ ಮೊದಲ ಹೆಜ್ಜೆ ಇಸಿಜಿ. ಒಮ್ಮೆ ಸರಿಯಿದ್ದ ಮಾತ್ರಕ್ಕೆ ಸಂಶಯ ತೀರದು. ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ. ಬೆಂಗಳೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಹೃದ್ರೋಗ ತಜ್ಞರಿದ್ದಾರೆ.

ಹೆತ್ತವರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ 50. ಹಾಗಾಗಿ ಅಣ್ಣತಮ್ಮ, ಅಕ್ಕತಂಗಿಯರಿಗೂ ಇಸಿಜಿ ಬೇಕು. ಬೀಟಾ ಬ್ಲಾಕರ್ ಮಾತ್ರೆ ಹಲವರನ್ನು ಕಾಪಾಡುತ್ತದೆ. ಈಗ ಆರಾಮಿದ್ದೇನೆಂದು ತಾವಾಗಿಯೇ ನಿಲ್ಲಿಸಬಾರದು.